‘ಮ’ ಬಿಟ್ಟು ಮಳೆ ಬರೆಯುವುದು: ಹೈಸ್ಕೂಲು ಕನ್ನಡ ತರಗತಿಗೆ ಕೆಲವು ಪ್ರಯೋಗಗಳು

ಕಾಸರಗೋಡಿನ ಯಾವುದೇ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೇ ತರಗತಿಗೆ ಹೋಗಿ ‘ಮಳೆಗಾಲದ ಬಗ್ಗೆ ನಿಮಗೆ ತೋಚಿದಂತೆ ಬರೆಯಿರಿ’ ಎಂದು ಹೇಳಿ ನೋಡಿ. ತೋಚಿದ್ದು ಬರುವುದಿಲ್ಲ, ಕಲಿತದ್ದು ಬರುತ್ತದೆ. ಭೂರಮೆ ಹಸಿರುಡುಗೆ ಉಡುತ್ತಾಳೆ, ಪ್ರಕೃತಿ ಮನಮೋಹಕವಾಗುತ್ತದೆ, ರೈತನ ಮೊಗದಲ್ಲಿ ಮಂದಹಾಸ ಮೂಡುತ್ತದೆ. ಇದನ್ನು ಬರೆದ ಮಗು ಅದೇ ದಿನ ಬೆಳಿಗ್ಗೆ ತೋಡು ದಾಟುವಾಗ ಚಪ್ಪಲಿ ಕಳೆದುಕೊಂಡಿರಬಹುದು. ಅದು ಮಾತ್ರ ಪುಟಕ್ಕೆ ಬರುವುದಿಲ್ಲ. ಮಗುವಿಗೆ ಕಲ್ಪನೆ ಇಲ್ಲವೆಂದಲ್ಲ. ಪ್ರಬಂಧದ ಕನ್ನಡ ಎಂಬ ಒಂದು ಭಾಷೆ ಅದರ ಕೈಗೆ ಅಷ್ಟು ಚೆನ್ನಾಗಿ ಅಭ್ಯಾಸವಾಗಿದೆ. ಸ್ವಾತಂತ್ರ್ಯ ಕೊಟ್ಟಷ್ಟೂ ಆ ಅಭ್ಯಾಸವೇ ಮೊದಲು ಓಡಿ ಬರುತ್ತದೆ.

ಹಾಗಾಗಿ ಪ್ರಯೋಗಶೀಲ ಬರವಣಿಗೆ ಕಲಿಸುವಾಗ ಬೇಕಾದದ್ದು ಸ್ವಾತಂತ್ರ್ಯವಲ್ಲ, ಒಂದು ಚಿಕ್ಕ, ಬಿಗಿಯಾದ ನಿಯಮ. ಮತ್ತು ಆ ನಿಯಮ ಕನ್ನಡದ ವ್ಯಾಕರಣಕ್ಕೆ ಹೊಂದುವಂಥದ್ದಾಗಿರಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಕಂಡ ಅಭ್ಯಾಸವನ್ನು ಹಾಗೆಯೇ ಎತ್ತಿ ತಂದರೆ ಹೆಚ್ಚಿನವು ನಮ್ಮ ತರಗತಿಯಲ್ಲಿ ಕೆಲಸ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ, ಹೇಗೆ ತಿದ್ದಿಕೊಂಡರೆ ಮಾಡುತ್ತದೆ ಎಂಬುದನ್ನೇ ಇಲ್ಲಿ ಬರೆಯುತ್ತೇನೆ.

ಒಂದು ಅಕ್ಷರ ಬಿಡುವುದು

ಮೊದಲ ತರಗತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಜಾರ್ಜ್ ಪೆರೆಕ್ ಎಂಬ ಲೇಖಕ 1969ರಲ್ಲಿ ‘e’ ಎಂಬ ಅಕ್ಷರವೇ ಇಲ್ಲದೆ ಇಡೀ ಫ್ರೆಂಚ್ ಕಾದಂಬರಿಯೊಂದನ್ನು ಪ್ರಕಟಿಸಿದ. ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಅದು. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಕಣ್ಣು ಅರಳುತ್ತದೆ. ಆದರೆ ನಾವು ಸ್ವರವನ್ನು ನಿಷೇಧಿಸಬಾರದು. ಕನ್ನಡದ ಬಿಡಿ ವ್ಯಂಜನದಲ್ಲೇ ‘ಅ’ ಸೇರಿಕೊಂಡಿದೆ. ಅದನ್ನು ತೆಗೆದರೆ ಭಾಷೆಯೇ ಉಳಿಯುವುದಿಲ್ಲ. ವ್ಯಂಜನ ತೆಗೆಯಬೇಕು, ಮೊದಲಿಗೆ ‘ಮ’.

‘ಮ’ ಯಾಕೆಂದರೆ ಅದು ಹೋದಾಗ ಮನೆ, ಅಮ್ಮ, ಮಳೆ, ಮರ, ಮಾತು, ನಮ್ಮ, ಮೇಲೆ, ಮುಂದೆ, ಮತ್ತು, ಮಾಡು ಎಲ್ಲವೂ ಹೋಗುತ್ತವೆ. ಜೊತೆಗೆ ಮನೋಹರ, ರಮಣೀಯ, ಮನಮೋಹಕ, ಸುಮಧುರ, ಮಂದಹಾಸ ಕೂಡ. ಪ್ರಬಂಧದ ಕನ್ನಡದ ಅರ್ಧ ಒಡವೆಪೆಟ್ಟಿಗೆ ಒಂದೇ ಅಕ್ಷರದ ಜೊತೆ ಖಾಲಿಯಾಗುತ್ತದೆ. ವಿಷಯ ಮಳೆಯೇ ಇರಲಿ. ಆಗ ಬರಬಹುದಾದ ಒಂದು ಮಾದರಿ:

“ಹಂಚಿನ ಸದ್ದಿಗೆ ರೇಡಿಯೋ ಕೇಳಿಸದಾಯಿತು. ಜಗಲಿಯ ಅಂಚಿನಲ್ಲಿಟ್ಟ ಚಪ್ಪಲಿ ತೇಲುತ್ತಾ ತೋಡಿನ ಕಡೆ ಹೊರಟಿತು. ‘ಹಿಡಿಯೋ’ ಎಂದು ಅಜ್ಜಿ ಕೂಗಿದರು.”

ಮಳೆ ಎಂಬ ಪದ ಇಲ್ಲ. ಮಳೆ ಇದೆ.

ನಲವತ್ತು ನಿಮಿಷದ ಪೀರಿಯಡಿಗೆ ಸಮಯ ಹೀಗೆ ಹಂಚಿಕೊಳ್ಳಬಹುದು. ನಿಯಮ ಹೇಳಿ, ಬೋರ್ಡಿನಲ್ಲಿ ಎರಡು ವಾಕ್ಯ ಎಲ್ಲರೂ ಸೇರಿ ಮಾಡುವುದಕ್ಕೆ ಏಳು ನಿಮಿಷ. ಒಬ್ಬೊಬ್ಬರೇ ಬರೆಯುವುದಕ್ಕೆ ಹನ್ನೆರಡು. ಪಕ್ಕದವರ ಜೊತೆ ಪುಸ್ತಕ ಬದಲಿಸಿ ‘ಮ’ ಹುಡುಕುವುದಕ್ಕೆ ಐದು. ತಿದ್ದುವುದಕ್ಕೆ ಎಂಟು. ಉಳಿದದ್ದು ಗಟ್ಟಿಯಾಗಿ ಓದುವುದಕ್ಕೆ. ಆರರಿಂದ ಎಂಟು ಸಾಲು ಸಾಕು. ಒಂದು ಪುಟ ಕೇಳಿದರೆ ಮಕ್ಕಳು ಸುಲಭದ ಪದ ಪೇರಿಸಿ ಜಾಗ ತುಂಬುತ್ತಾರೆ.

ಎಡವುವುದು ಮೂರು ಕಡೆ. ಮೊದಲನೆಯದು, ‘ಮಳೆ’ಗೆ ‘ವರ್ಷಧಾರೆ’, ‘ಅಮ್ಮ’ನಿಗೆ ‘ಜನನಿ’ ಎಂದು ಸಂಸ್ಕೃತದ ಬಾಗಿಲಿನಿಂದ ಜಾರಿಕೊಳ್ಳುವುದು. ಇದನ್ನು ಆರಂಭದಲ್ಲೇ ಮುಚ್ಚಿ: ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಪದ ಬಳಸುವಂತಿಲ್ಲ. ಎರಡನೆಯದು, ಒತ್ತಕ್ಷರ. ‘ಆತ್ಮೀಯ’, ‘ಜನ್ಮ’, ‘ಲಕ್ಷ್ಮಿ’ಯ ಒತ್ತಿನಲ್ಲಿ ಅಡಗಿದ ‘ಮ’ ಕಣ್ಣಿಗೆ ಬೀಳುವುದಿಲ್ಲ. ಪಕ್ಕದವರು ಪೆನ್ಸಿಲಿನಲ್ಲಿ ಪ್ರತಿ ಅಕ್ಷರ ಮುಟ್ಟುತ್ತಾ ಓದಬೇಕು. ಮೂರನೆಯದು ಸೊನ್ನೆ. ‘ಸಂಶಯ’ದಲ್ಲಿ ಬರೆಯುವುದು ಅನುಸ್ವಾರ, ಹೇಳುವುದು ‘ಮ್’. ಅದು ತಪ್ಪೋ ಅಲ್ಲವೋ ಎಂದು ತರಗತಿ ಜಗಳವಾಡುತ್ತದೆ. ಆಡಲಿ. ಕಣ್ಣಿನ ನಿಯಮವೋ ಕಿವಿಯ ನಿಯಮವೋ ಎಂದು ಮಕ್ಕಳೇ ತೀರ್ಮಾನಿಸಿ ಬೋರ್ಡಿನ ಮೂಲೆಯಲ್ಲಿ ಬರೆಯಲಿ.

‘ಮ’ ಕೈವಶವಾದ ಮೇಲೆ ‘ಲ’ಕ್ಕೆ ಹೋಗಬಹುದು. ಇದು ಬೇರೆಯೇ ತರಹದ ಕಷ್ಟ. ‘ಲ’ ಹೋದರೆ ಮನೆಯಲ್ಲಿ, ಊರಲ್ಲಿ ಎಂಬ ಸಪ್ತಮಿ ಹೋಯಿತು. ಇಲ್ಲ, ಅಲ್ಲ, ಎಲ್ಲ ಹೋದವು. ಒಳಗೆ, ಹೊರಗೆ, ಬಳಿ, ಹತ್ತಿರ ಎಂದು ಜಾಗವನ್ನು ನಿಖರವಾಗಿ ಹೇಳಬೇಕಾಗುತ್ತದೆ. ನಿಷೇಧಕ್ಕೆ ಬಾರದು, ಸಿಗದು, ತಿಳಿಯದು ಎಂಬ ರೂಪಗಳು ತಾವಾಗಿ ಮೇಲೆ ಬರುತ್ತವೆ, ವ್ಯಾಕರಣ ಪಾಠದಲ್ಲಿ ಉದಾಹರಣೆಯಾಗಿ ಮಾತ್ರ ಇದ್ದವು ಇಲ್ಲಿ ಕೆಲಸಕ್ಕೆ ಬೀಳುತ್ತವೆ. ‘ದ’ ಎಲ್ಲಕ್ಕಿಂತ ಕಠಿಣ. ಅದು, ಇದು, ಇದೆ, ಎಂದು, ಬಂದ, ಹೋದ, ಮಾಡಿದ, ತೃತೀಯೆಯ ‘ಇಂದ’, ಒಂದೂ ಉಳಿಯುವುದಿಲ್ಲ. ನಿಂತ, ಕೂತ, ಕೊಟ್ಟ, ಹೊರಟ, ಬಂತು ಎಂಬ ಕೆಲವೇ ಭೂತಕಾಲದ ರೂಪಗಳಲ್ಲಿ ಕಥೆ ನಡೆಯಬೇಕು. ಹತ್ತನೇ ತರಗತಿಗೆ ಕೊಡಬಹುದು, ಎಂಟನೆಯವರಿಗೆ ಬೇಡ. ಅವರಿಗೆ ಅಳು ಬರುತ್ತದೆ.

ತುಟಿ ಸೇರದ ಕಥೆ

ಇದು ಪ್ಯಾರಿಸ್ಸಿನಿಂದ ಬಂದ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ನಕ್ಕರೆ ದಂಡಿಯ ‘ದಶಕುಮಾರಚರಿತ’ವನ್ನು ನೆನಪಿಸಿ. ಅದರಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನು ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ, ಏಕೆಂದರೆ ಅವನ ತುಟಿಗೆ ಗಾಯವಾಗಿದೆ. (ಗಾಯ ಹೇಗಾಯಿತೆಂದು ಹೈಸ್ಕೂಲಿನಲ್ಲಿ ವಿವರಿಸುವ ಅಗತ್ಯವಿಲ್ಲ.) ನಮ್ಮ ಚಿತ್ರಕಾವ್ಯ ಪರಂಪರೆಯಲ್ಲಿ ಇದಕ್ಕೆ ನಿರೋಷ್ಠ್ಯ ಎಂದು ಹೆಸರೇ ಇದೆ.

ನಿಯಮ: ಪ ಫ ಬ ಭ ಮ ಇರಬಾರದು. ಶಾಸ್ತ್ರದ ಪ್ರಕಾರ ಉ, ಊ, ಒ, ಓ, ಔ ಕೂಡ ತುಟಿಯವೇ, ‘ವ’ ಹಲ್ಲು-ತುಟಿಯದ್ದು. ಅಷ್ಟನ್ನೂ ನಿಷೇಧಿಸಿದರೆ ಮಕ್ಕಳು ಒಂದು ವಾಕ್ಯವನ್ನೂ ಮುಗಿಸಲಾರರು, ಐದೇ ಸಾಕು. ಪರೀಕ್ಷೆ ಸುಲಭ. ತಮ್ಮತಮ್ಮ ಪೆನ್ಸಿಲನ್ನು ತುಟಿಗಳ ನಡುವೆ ಅಡ್ಡ ಹಿಡಿದು ಓದಬೇಕು. ತುಟಿ ಪೆನ್ಸಿಲನ್ನು ಒತ್ತಿದರೆ ಔಟ್. ಕಿವಿಯ ನಿಯಮ ಇಲ್ಲಿ ಪ್ರಶ್ನೆಯೇ ಇಲ್ಲದೆ ಜಾರಿಯಾಗುತ್ತದೆ, ‘ಸಂಶಯ’ ಸಿಕ್ಕಿಬೀಳುತ್ತದೆ. ಒಂದು ಮಾದರಿ: “ಆಕಾಶ ಕರಿದಾಯಿತು. ಅಂಗಳದ ಅಡಿಕೆ ರಾಶಿಗೆ ಅಜ್ಜ ಓಡಿ ಓಡಿ ಗೋಣಿಚೀಲ ಹೊದೆಸಿದರು.”

ಇಲ್ಲಿಯವರೆಗೆ ಇದು ಆಟ. ಬರವಣಿಗೆಯಾಗುವುದು ಮುಂದಿನ ಹೆಜ್ಜೆಯಲ್ಲಿ, ಮತ್ತು ಹೆಚ್ಚಿನ ಶಿಬಿರಗಳು ಅದಕ್ಕೆ ಮೊದಲೇ ನಿಂತುಬಿಡುತ್ತವೆ. ಮಂತ್ರಗುಪ್ತನಿಗೆ ಕಾರಣವಿತ್ತು. ನಿಮ್ಮ ಕಥೆ ಹೇಳುವವನಿಗೆ ಏನು ಕಾರಣ? ಅಮ್ಮನ ಜೊತೆ ಜಗಳವಾಡಿದ ಹುಡುಗಿ ಸಂಜೆಯವರೆಗೆ ‘ಮ’ ಹೇಳುವುದಿಲ್ಲವೆಂದು ಪಂಥ ಕಟ್ಟಿದ್ದಾಳೆ. ಮುಂದಿನ ಹಲ್ಲು ಕಿತ್ತ ಅಜ್ಜ ಮದುವೆ ಮನೆಯಲ್ಲಿ ಮಾತಾಡಬೇಕಾಗಿದೆ. ಒಬ್ಬನ ಹೆಸರನ್ನು ಆ ಮನೆಯಲ್ಲಿ ಎತ್ತುವಂತಿಲ್ಲ, ಹಾಗಾಗಿ ಆ ಹೆಸರಿನ ಅಕ್ಷರವೂ ಬಾಯಿಗೆ ಬರುವುದಿಲ್ಲ. ಕಾರಣವನ್ನು ಕಥೆಯಲ್ಲಿ ಹೇಳಬಾರದು. ಓದಿದವರಿಗೆ ಅನುಮಾನ ಹುಟ್ಟಬೇಕು. ಈ ಭಾಗಕ್ಕೆ ಪ್ರತ್ಯೇಕ ಪೀರಿಯಡ್ ಇಡಿ. ತರಗತಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಇದೆಯೆಂದು ಗೊತ್ತಿದ್ದರೆ ಅಮ್ಮನ ಉದಾಹರಣೆ ಬಿಟ್ಟು ಅಜ್ಜನದ್ದನ್ನು ಹಿಡಿಯಿರಿ.

ಇನ್ನೊಂದು ಸಣ್ಣ ರಿಯಾಯಿತಿ: ಪ್ರತಿ ಬರಹದಲ್ಲೂ ಒಂದೇ ಒಂದು ಬಾರಿ ನಿಯಮ ಮುರಿಯಬಹುದು. ಮುರಿದ ಪದಕ್ಕೆ ಅಡಿಗೆರೆ ಎಳೆದು, ಅದು ಅಲ್ಲೇ ಯಾಕೆ ಬೇಕಾಯಿತೆಂದು ಬಾಯಲ್ಲಿ ಹೇಳಬೇಕು. ಇಡೀ ಕಥೆಯಲ್ಲಿ ‘ಮ’ ಇಲ್ಲದೆ ಕೊನೆಯಲ್ಲಿ ಒಂದು ‘ಅಮ್ಮಾ’ ಬಂದರೆ ಅದರ ತೂಕವನ್ನು ವಿವರಿಸಬೇಕಾಗಿಲ್ಲ. ಮೊದಲ ಸಾಲಿನಲ್ಲೇ ರಿಯಾಯಿತಿ ಖರ್ಚು ಮಾಡಿದವರು ಮುಂದಿನ ಸಲ ಕಾದು ಬಳಸುತ್ತಾರೆ.

ನಿಷೇಧಾಕ್ಷರಿ, ಪ್ರಾಸ

ಅವಧಾನವೆಂಬ ಆಶುಕವಿತೆಯ ಸಭೆಯಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಪದ್ಯ ಕಟ್ಟುವ ಅವಧಾನಿಯ ಮುಂದಿನ ಅಕ್ಷರವನ್ನು ಊಹಿಸಿ ನಿಷೇಧಿಸುತ್ತಾ ಹೋಗುತ್ತಾರೆ. ಅದನ್ನು ಛಂದಸ್ಸಿಲ್ಲದೆ ಬೋರ್ಡಿನಲ್ಲಿ ಆಡಬಹುದು. ವಿಷಯ ಕಡಲು ಎಂದಿಟ್ಟುಕೊಳ್ಳಿ. ಬರೆಯುವವಳು ‘ಕ’ ಹಾಕಿದಳು. ‘ಕಡಲು’ ಎಂದು ಊಹಿಸಿದ ತರಗತಿ ‘ಡ’ ನಿಷೇಧಿಸಿತು. ಅವಳು ‘ರಾ’ ಹಾಕಿದಳು. ‘ಕರಾವಳಿ’ಯೇ ಇರಬೇಕೆಂದು ‘ವ’ ನಿಷೇಧವಾಯಿತು. ಅವಳು ‘ಳ’ ಹಾಕಿ ‘ಕರಾಳ’ ಎಂದು ಮುಗಿಸಿದಳು. ಕಡಲಿನ ಪದ್ಯ ಈಗ ಯಾರೂ ಅಂದುಕೊಳ್ಳದ ಕಡೆಗೆ ತಿರುಗಿದೆ. ಒಂದು ಸಾಲಿಗೆ ಮೂರು ನಿಷೇಧ ಸಾಕು, ಉತ್ತರಕ್ಕೆ ಇಪ್ಪತ್ತು ಸೆಕೆಂಡು. ತರಗತಿ ಪೂರ್ತಿ ಕೂಗಿದರೆ ಗದ್ದಲವಾಗುತ್ತದೆ. ನಾಲ್ಕು ಮಂದಿ ಪೃಚ್ಛಕರನ್ನು ಆರಿಸಿ, ಉಳಿದವರು ಸಾಲನ್ನು ಪುಸ್ತಕಕ್ಕೆ ಇಳಿಸಲಿ.

ಪ್ರಾಸದ ವಿಷಯದಲ್ಲಿ ಕಾಸರಗೋಡಿನ ಮಕ್ಕಳಿಗೆ ಮನೆಯ ಹತ್ತಿರದ್ದೇ ಉದಾಹರಣೆ ಇದೆ. ಮಂಜೇಶ್ವರದ ಗೋವಿಂದ ಪೈಗಳು 1911ರ ಹೊತ್ತಿಗೆ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟು ಬರೆದರು. ಆ ಕಾಲಕ್ಕೆ ಅದು ದೊಡ್ಡ ಪ್ರಯೋಗ. ಆದರೆ ಬಿಡಬೇಕಾದರೆ ಮೊದಲು ಹಿಡಿದಿರಬೇಕು. ಕಡಲು, ಗುಡಿಸಲು, ನಡು, ಹಿಡಿ, ಹೀಗೆ ಎರಡನೇ ಅಕ್ಷರದ ವ್ಯಂಜನ ಒಂದೇ ಇರುವ ನಾಲ್ಕು ಸಾಲು ಬರೆಯಿಸಿ. ಮೊದಲ ಅಕ್ಷರ ಹ್ರಸ್ವವಾದರೆ ನಾಲ್ಕರಲ್ಲೂ ಹ್ರಸ್ವ; ‘ಕಾಡು’ ಇಲ್ಲಿಗೆ ಸೇರುವುದಿಲ್ಲ. ಬಳಿಕ ಪ್ರಾಸ ಮುರಿದು ಅದನ್ನೇ ಮತ್ತೆ ಬರೆಯಲಿ. ಯಾವ ಪದ ಪ್ರಾಸಕ್ಕಾಗಿ ಮಾತ್ರ ಬಂದು ಕೂತಿತ್ತು ಎಂಬುದು ಆಗ ಎದ್ದು ಕಾಣುತ್ತದೆ.

ಕತ್ತರಿಸಿ ಅಂಟಿಸುವುದು

ಪತ್ರಿಕೆಯ ಪದಗಳನ್ನು ಕತ್ತರಿಸಿ ಚೀಲದಲ್ಲಿ ಕುಲುಕಿ, ಕೈಗೆ ಬಂದ ಕ್ರಮದಲ್ಲೇ ಪದ್ಯ ಮಾಡಿ ಎಂದು ತ್ರಿಸ್ತಾನ್ ತ್ಸಾರಾ ಎಂಬ ಕವಿ 1920ರಲ್ಲಿ ಹೇಳಿದ. ಕನ್ನಡದಲ್ಲಿ ಪದಪದ ಕತ್ತರಿಸಿದರೆ ಏನಾಗುತ್ತದೆ? ‘ಪಂಚಾಯತಿನಿಂದ’, ‘ಅಡಿಕೆಯನ್ನು’, ‘ಆಸ್ಪತ್ರೆಗೆ’, ಪ್ರತಿ ಚೂರಿಗೂ ವಿಭಕ್ತಿಯ ಬಾಲ. ಬಾಲಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬರೇ ಗೊಂದಲ. ಮಕ್ಕಳು ಐದು ನಿಮಿಷ ನಕ್ಕು ಬಿಟ್ಟುಬಿಡುತ್ತಾರೆ. ಇಂಗ್ಲಿಷಿನ ಪದಗಳು ಬೋಳಾಗಿರುತ್ತವೆ, ಹಾಗಾಗಿ ಅಲ್ಲಿ ನಡೆಯುತ್ತದೆ.

ಇಲ್ಲಿ ಎರಡು ತಿದ್ದುಪಡಿ ಬೇಕು. ಪದದ ಬದಲು ಎರಡು-ಮೂರು ಪದಗಳ ತುಂಡು ಕತ್ತರಿಸಿ. ಚೀಲ ಒಂದಲ್ಲ, ಮೂರು ಲಕೋಟೆ: ಯಾರು-ಏನು ಒಂದರಲ್ಲಿ, ಎಲ್ಲಿ-ಯಾವಾಗ ಇನ್ನೊಂದರಲ್ಲಿ, ಕ್ರಿಯಾಪದದಲ್ಲಿ ಮುಗಿಯುವ ತುಂಡುಗಳು ಮೂರನೆಯದರಲ್ಲಿ. ನಾಲ್ಕು ಮಂದಿಯ ಗುಂಪಿಗೆ ಪ್ರತಿ ಲಕೋಟೆಯಲ್ಲಿ ಹತ್ತು ತುಂಡು. ಕ್ರಿಯಾಪದದ ಕೊನೆಯನ್ನು ಮಾತ್ರ ಪೆನ್ನಿನಲ್ಲಿ ತಿದ್ದಬಹುದು, ‘ಉದ್ಘಾಟಿಸಿದರು’ ಇದ್ದದ್ದು ‘ಉದ್ಘಾಟಿಸಿತು’ ಆಗಬಹುದು. “ಕಾಡುಹಂದಿಗಳ ಹಿಂಡು ನಿನ್ನೆ ಸಂಜೆ ಸಭಾಭವನದಲ್ಲಿ ದೀಪ ಬೆಳಗಿಸಿತು” ಎಂಬಂಥದ್ದು ಸಿಕ್ಕಿದರೆ ಅಲ್ಲಿಗೆ ಬಿಡಬೇಡಿ. ಅದನ್ನೇ ಮೊದಲ ವಾಕ್ಯವಾಗಿಟ್ಟು ಮುಂದಿನ ಹತ್ತು ಸಾಲನ್ನು ಗಂಭೀರ ವರದಿಯ ಧಾಟಿಯಲ್ಲಿ ಬರೆಯಿಸಿ. ಹುಚ್ಚು ವಾಕ್ಯವನ್ನು ನಂಬುವಂತೆ ಮಾಡುವುದರಲ್ಲೇ ಕಲಿಕೆ ಇರುವುದು.

ನಿಧನ ವಾರ್ತೆಯ ಪುಟ ಬೇಡ. ಕಾಸರಗೋಡಿನ ಪುಟದಲ್ಲಿ ಬಂದ ಹೆಸರು ತರಗತಿಯಲ್ಲಿರುವ ಯಾರಿಗಾದರೂ ಸಂಬಂಧಿಯೇ ಆಗಿರುತ್ತದೆ. ಫ್ಯಾನ್ ಆಫ್ ಮಾಡಿಸಿ ಕೆಲಸ ಶುರುಮಾಡಿ.

ನಿಘಂಟಿನ ಆಟಕ್ಕೂ ಇದೇ ಗತಿ. 1960ರಲ್ಲಿ ಪ್ಯಾರಿಸ್ಸಿನಲ್ಲಿ ಲೇಖಕರೂ ಗಣಿತಜ್ಞರೂ ಸೇರಿ ಕಟ್ಟಿದ ಊಲಿಪೋ ಗುಂಪಿನವರದ್ದು ಅದು: ಒಂದು ಬರಹದ ಪ್ರತಿ ನಾಮಪದದ ಬದಲಿಗೆ ನಿಘಂಟಿನಲ್ಲಿ ಅದರಿಂದ ಏಳನೆಯ ನಾಮಪದ ಹಾಕುವುದು. ಕನ್ನಡ ನಿಘಂಟಿನಲ್ಲಿ ‘ಜಲ’ದಿಂದ ಎಣಿಸುತ್ತಾ ಹೋದರೆ ಜಲಚರ, ಜಲಜ, ಜಲಧಿ, ಜಲಪಾತ ಎಂದು ನೀರಿನಿಂದ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಏಳು ಪದ ಅಲ್ಲ, ಏಳು ಪುಟ ದಾಟಿ ಅಲ್ಲಿನ ಮೊದಲ ನಾಮಪದ ತೆಗೆದುಕೊಳ್ಳಿ. ಬಂದ ಪದಕ್ಕೆ ವಿಭಕ್ತಿಯನ್ನು ಹೊಸದಾಗಿ ಹಚ್ಚಬೇಕು: ಮರದಿಂದ, ಮನೆಯಿಂದ, ಗುರುವಿನಿಂದ. ಮುಖ್ಯೋಪಾಧ್ಯಾಯರು ಇಣುಕಿ ನೋಡಿದರೆ ಆಗಮಸಂಧಿ ಪಾಠ ನಡೆಯುತ್ತಿದೆ ಎನ್ನಬಹುದು, ಸುಳ್ಳಲ್ಲ. ಪಠ್ಯವಾಗಿ ಪಾಠಪುಸ್ತಕದ ಕವಿತೆ ಆರಿಸಬೇಡಿ. ಅಡುಗೆಯ ವಿಧಾನವೋ ಬಸ್ ನಿಲ್ದಾಣದ ಸೂಚನೆಯೋ ಒಳ್ಳೆಯದು, ವಾಕ್ಯ ಸರಳ, ನಾಮಪದ ಹೆಚ್ಚು.

ಎರವಲು ರೂಪ

ಕಥೆಯನ್ನು ಕಥೆಯಂತೆ ಬರೆಯದೆ ರೇಷನ್ ಅಂಗಡಿಯ ಬಿಲ್ಲು, ಬಸ್ಸಿನ ವೇಳಾಪಟ್ಟಿ, ಹಾಜರಿ ಪುಸ್ತಕ, ಯಕ್ಷಗಾನದ ಕರಪತ್ರ, ಮದುವೆ ಕಾಗದ ಇವುಗಳ ರೂಪದಲ್ಲಿ ಬರೆಯುವುದು. ನನ್ನ ಮಟ್ಟಿಗೆ ಹೈಸ್ಕೂಲಿಗೆ ಅತ್ಯಂತ ಫಲ ಕೊಡುವ ಅಭ್ಯಾಸ ಇದೇ, ಅದರಲ್ಲೂ ಪ್ರಶ್ನೆಪತ್ರಿಕೆ. ಮಕ್ಕಳಿಗೆ ಅದರ ಭಾಷೆ ನರನರದಲ್ಲೂ ಗೊತ್ತು. ಹೀಗೆ:

1. ಬಿಟ್ಟ ಸ್ಥಳ ತುಂಬಿರಿ: ಅಪ್ಪ ದುಬೈಯಿಂದ ಬರುತ್ತೇನೆಂದು ಮೊದಲು ಹೇಳಿದ್ದು ______ ತಿಂಗಳಿಗೆ. (1)
2. ಸರಿಯೋ ತಪ್ಪೋ ತಿಳಿಸಿ: ಈ ಸಲ ಟಿಕೇಟು ತೆಗೆದಾಗಿದೆ. (1)
3. ಗುಂಪಿಗೆ ಸೇರದ ಪದ ಆರಿಸಿ: ಅಜ್ಜಿಯ ಮಾತ್ರೆ, ಬ್ಯಾಂಕಿನ ಕಾಗದ, ನನ್ನ ಹುಟ್ಟುಹಬ್ಬ, ಮನೆಯ ತಾರಸಿ. (1)
4. ಐದು ವಾಕ್ಯಗಳಲ್ಲಿ ಉತ್ತರಿಸಿ: ಫೋನ್ ಇಟ್ಟ ಮೇಲೆ ಅಮ್ಮ ಅಡಿಗೆಕೋಣೆಯಲ್ಲಿ ಲೈಟು ಹಾಕದೆ ನಿಂತದ್ದು ಯಾಕೆ? (5)

ನಿಯಮ ಒಂದೇ: ರೂಪದ ಭಾಷೆಯಿಂದ ಹೊರಗೆ ಹೋಗುವಂತಿಲ್ಲ. ಬಿಲ್ಲಿನಲ್ಲಿ ‘ದುಃಖವಾಯಿತು’ ಎಂದು ಬರೆಯಲು ಕಾಲಮ್ಮಿಲ್ಲ. ಎಷ್ಟು ಕಿಲೋ, ಎಷ್ಟು ಬಾಕಿ ಎಂಬುದರಲ್ಲೇ ಅದು ಬರಬೇಕು. ಮೊದಲ ಸುತ್ತಿನಲ್ಲಿ ಎಲ್ಲವೂ ಜೋಕುಗಳಾಗುತ್ತವೆ. ಸಹಜ. ಎರಡನೇ ಸುತ್ತಿನಲ್ಲಿ ‘ಇದರೊಳಗೆ ಒಬ್ಬರು ಏನನ್ನೋ ಮುಚ್ಚಿಡುತ್ತಿರಬೇಕು’ ಎಂಬ ಷರತ್ತು ಸೇರಿಸಿ. ಮನೆಯಿಂದ ನಿಜವಾದ ರೇಷನ್ ಕಾರ್ಡು, ಆಸ್ಪತ್ರೆ ಚೀಟಿ ತರಿಸಬೇಡಿ. ಖಾಲಿ ನಮೂನೆಯನ್ನು ಬೋರ್ಡಿನಲ್ಲಿ ಗೆರೆ ಎಳೆದು ತೋರಿಸಿದರೆ ಸಾಕು.

ಬಾಯಿಯ ಭಾಷೆ, ಪುಟದ ಭಾಷೆ

ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ ಎಂಬುದು ಸಾಮಾನ್ಯ. ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಬೇರೆ. ಆದರೆ ಬರೆಯುವಾಗ ಅಜ್ಜಿಯೂ ಕಂಡಕ್ಟರೂ ಪಾಠಪುಸ್ತಕದ ಕನ್ನಡದಲ್ಲೇ ಮಾತಾಡುತ್ತಾರೆ. ಅಭ್ಯಾಸ ಇಷ್ಟು: ಒಂದು ಪುಟದ ದೃಶ್ಯ, ನಿರೂಪಣೆ ಕನ್ನಡದಲ್ಲಿ, ಮಾತು ಆಯಾ ಪಾತ್ರದ ಬಾಯಿಯಲ್ಲಿ ಇದ್ದಂತೆ, ಎಲ್ಲವೂ ಕನ್ನಡ ಲಿಪಿಯಲ್ಲಿ. ಅಜ್ಜಿ ‘ಉಣಸ್ ಆಂಡಾ?’ ಎನ್ನಲಿ, ಬಸ್ಸಿನವನು ‘ವೇಗಂ ಕೇರ್’ ಎನ್ನಲಿ. ಕಂಸದಲ್ಲಿ ಅರ್ಥ ಕೊಡುವಂತಿಲ್ಲ. ಆ ಭಾಷೆ ಬಾರದವನಿಗೂ ವಿಷಯ ತಿಳಿಯುವಂತೆ ಮುಂದಿನ ಸಾಲಿನ ಕ್ರಿಯೆ ಇರಬೇಕು, ಉದಾಹರಣೆಗೆ ಹುಡುಗ ತಟ್ಟೆ ಎಳೆದುಕೊಂಡು ಕೂತ.

ಲಿಪಿಯ ತೊಡಕು ಬಂದೇ ಬರುತ್ತದೆ. ತುಳುವಿನ ಪದದ ಕೊನೆಯ ಅರ್ಧ ಉಕಾರಕ್ಕೆ ಅರ್ಧಾಕ್ಷರ ಹಾಕಿದರೆ ಸಾಕು. ಮಲಯಾಳದ ಮಳೆಯನ್ನು ಒಬ್ಬರು ‘ಮಳ’ ಎಂದೂ, ಮನೆಮಾತಿನಲ್ಲಿ ಹಾಗೆ ಹೇಳುವವರು ‘ಮಯ’ ಎಂದೂ, ಹಳಗನ್ನಡ ನೆನಪಿರುವವರು ‘ಮೞ’ ಎಂದೂ ಬರೆಯುತ್ತಾರೆ. ಮೂರನ್ನೂ ಬಿಡಿ, ಆದರೆ ಒಂದು ಪಾತ್ರ ಕೊನೆಯವರೆಗೂ ಒಂದೇ ರೀತಿ ಮಾತಾಡಬೇಕು. ಹವ್ಯಕರ ಮನೆಯ ‘ಅಕ್ಕ ಬಂತು’ ಎಂಬುದಕ್ಕೆ ಕೆಂಪು ಶಾಯಿ ಹಚ್ಚಬೇಡಿ. ಮಾತಿನೊಳಗೆ ಅದು ಸರಿ, ನಿರೂಪಣೆಯಲ್ಲಿ ಮಾತ್ರ ‘ಬಂದಳು’.

ಇಲ್ಲಿ ಎಚ್ಚರ ಬೇಕಾದದ್ದು ಗೇಲಿಯ ಬಗ್ಗೆ. ಒಂದು ಮನೆಮಾತನ್ನು ಪೆದ್ದ ಪಾತ್ರಕ್ಕೆ ಅಂಟಿಸುವುದು ಮಕ್ಕಳಿಗೆ ಸುಲಭದ ದಾರಿ. ತಾನು ಮನೆಯಲ್ಲಿ ಆಡದ ಭಾಷೆಯನ್ನು ಬರೆದವರು ಅದನ್ನು ಆಡುವ ಸಹಪಾಠಿಗೆ ಓದಿ ತೋರಿಸಿ ಒಪ್ಪಿಗೆ ಪಡೆಯಬೇಕು ಎಂದಿಟ್ಟರೆ ತೊಂದರೆ ಹೆಚ್ಚಿನ ಮಟ್ಟಿಗೆ ತಪ್ಪುತ್ತದೆ, ಕಾಗುಣಿತವೂ ಸರಿಯಾಗುತ್ತದೆ.

ಅಂಕ

ಇಂಥ ಬರಹಕ್ಕೆ ‘ಚೆನ್ನಾಗಿದೆ’ ಎಂದು ಅಂಕ ಹಾಕಬಾರದು. ಮುಂದಿನ ಸಲ ಎಲ್ಲರೂ ಚೆನ್ನಾಗಿದೆ ಎನಿಸಿಕೊಂಡವರ ಹಾಗೆಯೇ ಬರೆಯುತ್ತಾರೆ. ಹತ್ತರಲ್ಲಿ ನಾಲ್ಕು ನಿಯಮ ಪಾಲಿಸಿದ್ದಕ್ಕೆ, ನಾಲ್ಕು ಮೊದಲ ಪ್ರತಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ, ಎರಡು ಇನ್ನೊಬ್ಬರ ಬರಹದಲ್ಲಿ ತಪ್ಪಿದ್ದನ್ನು ಹಿಡಿದದ್ದಕ್ಕೆ. ಹಾಗಾಗಿ ಮೊದಲ ಪ್ರತಿಯನ್ನು ರಬ್ಬರಿನಲ್ಲಿ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಮೇಲೆ ಬರೆಯಬೇಕು. ಪೆನ್ನೇ ಕೊಡಿ. ಕಲೋತ್ಸವದ ಕನ್ನಡ ಕಥಾರಚನೆ, ಕವಿತಾರಚನೆಗೆ ಹೋಗುವ ಮಕ್ಕಳಿಗೆ ಮೊದಲೇ ತಿಳಿಸಿ: ಅಲ್ಲಿ ತೀರ್ಪುಗಾರರಿಗೆ ನಿಮ್ಮ ನಿಯಮ ಗೊತ್ತಿರುವುದಿಲ್ಲ, ‘ಮ’ ಇಲ್ಲದ್ದನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿಗೆ ಬೇಕಾದದ್ದು ಚಪ್ಪಲಿ ತೇಲಿಹೋದ ವಾಕ್ಯ ಮಾತ್ರ.

ವರ್ಷದ ಲೆಕ್ಕದಲ್ಲಿ ಜೂನ್ ತಿಂಗಳಲ್ಲಿ ಅಕ್ಷರ ಬಿಡುವ ಆಟ, ಓಣಂ ಪರೀಕ್ಷೆ ಕಳೆದ ಮೇಲೆ ಎರವಲು ರೂಪ ಮತ್ತು ಬಹುಭಾಷೆಯ ದೃಶ್ಯ ಇಟ್ಟುಕೊಳ್ಳಬಹುದು. ಕತ್ತರಿ-ಅಂಟಿನ ಕೆಲಸ ಡಿಸೆಂಬರ್ ಆಚೀಚೆ ಇರಲಿ. ಮಳೆಗಾಲದಲ್ಲಿ ಪತ್ರಿಕೆಯ ಚೂರು ಮೆದುವಾಗಿ ಗೋಂದಿಗೆ ನಿಲ್ಲುವುದಿಲ್ಲ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಹತ್ತನೆಯವರನ್ನು ಜನವರಿಯಿಂದ ಬಿಟ್ಟುಬಿಡಿ, ಅವರಿಗೆ ಮಾರ್ಚಿನ ಪರೀಕ್ಷೆ ಇದೆ.